ಸಂಘದ ಕಡತ ಸಂಘದವರಿಗೇ ಓದಲು ಬರಬೇಕು

ಆ ಸಂಘದ ಕಚೇರಿಗೆ ನಾನು ಮೊದಲ ಸಲ ಹೋದದ್ದು ಒಂದು ಆ್ಯಪ್ ಮಾಡಿಕೊಡಲು. ತುಮಕೂರು ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರಲ್ಲಿ ಅಂಗವಿಕಲರೇ ಸೇರಿ ಕಟ್ಟಿಕೊಂಡ ಸಂಘ ಅದು. ಎರಡು ಕೋಣೆ, ಒಂದು ಹಳೆಯ ಕಂಪ್ಯೂಟರ್, ಒಂದು ಪ್ರಿಂಟರ್, ಗೋಡೆಗೆ ಒರಗಿಸಿದ ಗಾಲಿಕುರ್ಚಿಗಳು. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು. ಶನಿವಾರ ಬೆಳಗಿನ ರೈಲು ಹಿಡಿದು ಹೋಗಿ ಸಂಜೆಯ ರೈಲಿಗೆ ಹಿಂತಿರುಗುತ್ತಿದ್ದೆ.

ಮನೆ ಭೇಟಿಯ ವಿವರ ತುಂಬುವ ಆ್ಯಪ್ ಅದು. ನಲವತ್ತು ಪ್ರಶ್ನೆಗಳು, ಎಲ್ಲವೂ ಇಂಗ್ಲಿಷಿನಲ್ಲಿ. ಎರಡು ತಿಂಗಳು ಕೂತು ಮಾಡಿದೆ. ಮೂರನೆಯ ತಿಂಗಳು ತೆರೆದು ನೋಡಿದರೆ ನಾನು ಪರೀಕ್ಷೆಗೆಂದು ತುಂಬಿದ್ದ ಹೆಸರುಗಳ ಹೊರತು ಒಂದೂ ಇರಲಿಲ್ಲ. ಮುಂದಿನ ಶನಿವಾರ ಕ್ಷೇತ್ರ ಕಾರ್ಯಕರ್ತೆಯ ಜೊತೆ ಹಳ್ಳಿಗಳಿಗೆ ಹೋದೆ. ಮೊದಲ ದಿನವೇ ಮಾಡಬೇಕಿದ್ದ ಕೆಲಸವದು.

ಅವರ ಕೈಯಲ್ಲಿ ಇನ್ನೂರು ಪುಟದ ಒಂದು ಉದ್ದನೆಯ ನೋಟ್‌ಬುಕ್ ಇತ್ತು. ಹೆಸರುಗಳು ಅಕಾರಾದಿಯಲ್ಲಿ ಇರಲಿಲ್ಲ, ಬೀದಿಯಲ್ಲಿ ಮನೆಗಳಿರುವ ಸಾಲಿನಲ್ಲೇ ಇದ್ದವು. ಎಡಪುಟದಲ್ಲಿ ವ್ಯಕ್ತಿಯ ಸ್ಥಿತಿ, ಬಲಪುಟದಲ್ಲಿ ಆಗಬೇಕಾದ ಕೆಲಸ: ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಚೀಟಿ, ಮಾಸಾಶನ, ಊರುಗೋಲು, ಶ್ರವಣ ಸಾಧನ. 1995ರ ಕಾಯ್ದೆಯಲ್ಲಿ ಅಂಗವೈಕಲ್ಯದ ಬಗೆಗಳು ಏಳೇ ಇದ್ದವು, 2016ರ ಕಾಯ್ದೆ ಅದನ್ನು 21ಕ್ಕೆ ಏರಿಸಿತು. ಆ ಇಪ್ಪತ್ತೊಂದನ್ನೂ ನಾನು ಇಂಗ್ಲಿಷಿನಲ್ಲಿ ಪಟ್ಟಿ ಮಾಡಿ, ಒಂದನ್ನು ಆರಿಸಿ ಎಂದು ಕೊಟ್ಟಿದ್ದೆ. ಆ ಅಕ್ಕ ಪ್ರತಿ ಮನೆಯಲ್ಲಿ ಕಂಡದ್ದನ್ನು ತಮ್ಮ ಮಾತಿನಲ್ಲೇ ಬರೆಯುತ್ತಿದ್ದರು. “ಮಗು ಕೂರುತ್ತದೆ, ನಿಲ್ಲುವುದಿಲ್ಲ” ಎಂಬ ಅವರ ಒಂದು ಸಾಲು ವೈದ್ಯರಿಗೆ ಕೊಡುತ್ತಿದ್ದ ಮಾಹಿತಿ ನನ್ನ ಪಟ್ಟಿಯಲ್ಲಿ ಎಲ್ಲಿಯೂ ಇರಲಿಲ್ಲ.

ಆ್ಯಪ್ ಕೈಬಿಟ್ಟೆ. ಅವರ ನೋಟ್‌ಬುಕ್ಕಿನ ಕಾಲಂಗಳನ್ನೇ ಹಾಗೆಯೇ ಒಂದು ಗೂಗಲ್ ಶೀಟಿಗೆ ಇಳಿಸಿದೆ. ಒಬ್ಬರಿಗೆ ಒಂದೇ ಸಾಲು, ತಲೆಬರಹ ಕನ್ನಡದಲ್ಲಿ, ಆಧಾರ್ ಸಂಖ್ಯೆಗೆ ಜಾಗವೇ ಇಲ್ಲ. ಆಧಾರ್ ಸಂಖ್ಯೆ ಬೇಕಾಗುವುದು ಅರ್ಜಿ ಹಾಕುವ ದಿನ ಮಾತ್ರ, ಆ ದಿನ ಅದು ಅರ್ಜಿ ಹಾಕುವವರ ಕೈಯಲ್ಲೇ ಇರುತ್ತದೆ. ಯಾರ ಮನೆಯಲ್ಲಿ ಯಾವ ಕಾಯಿಲೆ ಎಂಬ ಪಟ್ಟಿಯ ಪಕ್ಕದಲ್ಲಿ ಆಧಾರ್ ಸಂಖ್ಯೆಯನ್ನೂ ಕೂಡಿಟ್ಟುಕೊಳ್ಳುವುದು ಆ ಜನರ ನಂಬಿಕೆಗೆ ಬಗೆವ ದ್ರೋಹ ಎಂದೇ ನನ್ನ ಭಾವನೆ. ನೋಟ್‌ಬುಕ್ ನಿಲ್ಲಿಸಿ ಎಂದು ನಾನು ಹೇಳಲಿಲ್ಲ. ಸಂಜೆ ಕಚೇರಿಗೆ ಬಂದು, ಮೊಬೈಲಿನ ಕೀಲಿಮಣೆಯಲ್ಲಿ ಮೈಕ್ ಒತ್ತಿ, ಬರೆದದ್ದನ್ನು ಓದಿ ಹೇಳಿದರೆ ಅದು ಕನ್ನಡದಲ್ಲೇ ಶೀಟಿಗೆ ಬೀಳುತ್ತದೆ. ಹೆಸರುಗಳಲ್ಲಿ ತಪ್ಪು ಬಂದರೆ ತಿದ್ದುತ್ತಾರೆ.

ಆದರೆ ಈ ಸಂಘ ನನಗೆ ನಿಜವಾದ ಪಾಠ ಕಲಿಸಿದ್ದು ಅಲ್ಲಿನ ಸಹಕಾರ್ಯದರ್ಶಿಯ ಮೂಲಕ. ಅವರಿಗೆ ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ಮೊಬೈಲಿನಲ್ಲಿ ಪರದೆಯನ್ನು ಓದಿ ಹೇಳುವ ಟಾಕ್‌ಬ್ಯಾಕ್ ಹಾಕಿಕೊಂಡು ಬ್ಯಾಂಕಿನ ಸಂದೇಶದಿಂದ ದಿನಪತ್ರಿಕೆಯವರೆಗೆ ಎಲ್ಲವನ್ನೂ ಕೇಳುತ್ತಾರೆ, ನಾನು ಕಣ್ಣಿನಲ್ಲಿ ಓದುವುದಕ್ಕಿಂತ ವೇಗವಾಗಿ. ಒಂದು ದಿನ ಅವರು, “ಸರ್, ನಾನು ಈ ಸಂಘದಲ್ಲಿ ಆರು ವರ್ಷದಿಂದ ಸಹಕಾರ್ಯದರ್ಶಿ. ಸಂಘದ ಒಂದು ನಡಾವಳಿಯನ್ನೂ ನಾನಾಗಿ ಓದಿಲ್ಲ. ಯಾರಾದರೂ ಓದಿ ಹೇಳಬೇಕು, ಅವರು ಬಿಟ್ಟದ್ದು ನನಗೆ ತಿಳಿಯುವುದಿಲ್ಲ” ಎಂದರು.

ಕಂಪ್ಯೂಟರಿನಲ್ಲಿ ಹನ್ನೆರಡು ವರ್ಷದ ನಡಾವಳಿ, ವರದಿ, ಮನವಿ ಪತ್ರ ಎಲ್ಲವೂ ಇದ್ದವು. ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್, ಅಂದರೆ ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶ, ಹಾಕಿದೆ. ಇದು ಉಚಿತ ತಂತ್ರಾಂಶ. 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಇದನ್ನು ಆರಂಭಿಸಿದ ಮೈಕೆಲ್ ಕರ್ರನ್ ಮತ್ತು ಜೇಮ್ಸ್ ಟೇ ಇಬ್ಬರೂ ಸ್ವತಃ ಕಣ್ಣು ಕಾಣದವರು. ಇದರ ಜೊತೆಗೇ ಬರುವ ಧ್ವನಿ ಕನ್ನಡವನ್ನೂ ಓದುತ್ತದೆ. ಯಂತ್ರದ ದನಿ, ಆದರೂ ಸ್ಪಷ್ಟ. ಮೊದಲ ಕಡತ ತೆರೆದೆವು. ಸ್ಪೀಕರಿನಿಂದ ಬಂದದ್ದು ಇಂಗ್ಲಿಷ್ ಅಕ್ಷರ, ಪೌಂಡ್, ಮತ್ತೆ ಯಾವುದೋ ಚಿಹ್ನೆ, ಮತ್ತೆ ಅಕ್ಷರ. ಅವರು ಸುಮ್ಮನೆ ಕುಳಿತಿದ್ದರು.

ಕಾರಣ ನನಗೆ ತಕ್ಷಣ ತಿಳಿಯಿತು. ಆ ಕಡತಗಳೆಲ್ಲ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿದ್ದವು. ಆ ಕಾಲದಲ್ಲಿ ಕನ್ನಡವನ್ನು ಕಂಪ್ಯೂಟರಿಗೆ ತಂದದ್ದೇ ಹಾಗೆ: ಒಳಗೆ ಕೂರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು, ಫಾಂಟ್ ಅವುಗಳ ಮೇಲೆ ಕನ್ನಡದ ಆಕಾರ ಹೊದಿಸುತ್ತದೆ. ‘ಕನ್ನಡ’ ಎಂಬ ಪದ ಕಡತದೊಳಗೆ ಇಂಗ್ಲಿಷಿನ ‘ಪಿ’, ಪೌಂಡ್ ಗುರುತು, ‘ಕ್ಯೂ’ ಇತ್ಯಾದಿಗಳ ಸಾಲಾಗಿ ಇರುತ್ತದೆ. ಕಣ್ಣಿಗೆ ಅದು ಕನ್ನಡವೇ. ಸ್ಕ್ರೀನ್ ರೀಡರಿಗೆ ಕಣ್ಣಿಲ್ಲ, ಒಳಗಿರುವುದನ್ನು ಓದುತ್ತದೆ. ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯೂನಿಕೋಡಿನಲ್ಲಿ ‘ಕ’ ಎಂದರೆ ಒಳಗೂ ‘ಕ’ವೇ. ನುಡಿಯಲ್ಲೂ ಯೂನಿಕೋಡ್ ಬಂದು ಎಷ್ಟೋ ಕಾಲವಾಗಿದೆ, ಆದರೆ ಹಳೆಯ ಅಭ್ಯಾಸದಿಂದ ಟೈಪಿಸ್ಟರು ಹಳೆಯ ಫಾಂಟನ್ನೇ ಆರಿಸುತ್ತಾರೆ. ಕಣ್ಣಿದ್ದವರಿಗೆ ಅದು ಬರೀ ಫಾಂಟಿನ ಆಯ್ಕೆ. ಸಹಕಾರ್ಯದರ್ಶಿಗೆ ಅದು ಬೀಗ ಹಾಕಿದ ಬೀರು.

ಹಳೆಯ ಫಾಂಟಿನಿಂದ ಯೂನಿಕೋಡಿಗೆ ಪರಿವರ್ತಿಸುವ ಉಚಿತ ಸಾಧನಗಳಿವೆ. ಕೆಲಸ ಸುಲಭ ಎಂದುಕೊಂಡು ಎಲ್ಲವನ್ನೂ ಒಟ್ಟಿಗೆ ಹಾಕಿದೆ. ಕನ್ನಡವೇನೋ ಚೆನ್ನಾಗಿ ಬಂತು. ಆದರೆ ನಡುನಡುವೆ ಇದ್ದ ನಿಜವಾದ ಇಂಗ್ಲಿಷ್ ಕೂಡ ಕನ್ನಡವಾಗಲು ಹೋಗಿ, ಪ್ಯಾನ್ ಸಂಖ್ಯೆ, ಬ್ಯಾಂಕಿನ ಐಎಫ್ಎಸ್‌ಸಿ ಕೋಡ್, ಇಮೇಲ್ ವಿಳಾಸ ಎಲ್ಲವೂ ಅರ್ಥವಿಲ್ಲದ ಒತ್ತಕ್ಷರಗಳ ಗುಂಪಾದವು. ಅಲ್ಲಲ್ಲಿ ಅರ್ಕಾವತ್ತು ಜಾಗ ತಪ್ಪಿತ್ತು. ಇದನ್ನು ಮಾಡಹೊರಟವರಿಗೆ ನನ್ನ ಮಾತು ಇಷ್ಟೇ: ಮೂಲ ಕಡತವನ್ನು ಮುಟ್ಟದೆ ಪ್ರತಿಯೊಂದರ ನಕಲು ಮಾಡಿ, ಇಂಗ್ಲಿಷ್ ಇರುವ ಸಾಲುಗಳನ್ನು ಮೊದಲೇ ಎತ್ತಿ ಬೇರೆ ಇಟ್ಟು, ಒಂದೊಂದೇ ಕಡತ ಪರಿವರ್ತಿಸಿ, ಅಂಕಿಗಳನ್ನು ಮೂಲದ ಜೊತೆ ಕೂತು ತಾಳೆ ನೋಡಿ. ನಮಗೆ ಒಂಬತ್ತು ಶನಿವಾರ ಹಿಡಿಯಿತು. ತಪ್ಪು ಹಿಡಿದವರು ಬಹುಪಾಲು ಸಹಕಾರ್ಯದರ್ಶಿಯೇ. ಕಣ್ಣು ಜಾರಿಸಿಬಿಡುವ ಕಾಗುಣಿತದ ತಪ್ಪು ಕಿವಿಗೆ ಕಲ್ಲಿನಂತೆ ತಾಗುತ್ತದೆ.

ಸ್ಕ್ಯಾನ್ ಮಾಡಿದ ಮುದ್ರಿತ ಪತ್ರಗಳನ್ನು ಗೂಗಲ್ ಡ್ರೈವಿಗೆ ಏರಿಸಿ ಡಾಕ್ಸಿನಲ್ಲಿ ತೆರೆದರೆ ಕನ್ನಡ ಅಕ್ಷರಗಳನ್ನು ಗುರುತಿಸಿ ಪಠ್ಯ ಮಾಡಿಕೊಡುತ್ತದೆ. ಕೈಬರಹಕ್ಕೆ ಅದು ಸಾಲಲಿಲ್ಲ. ಮೊದಲ ವರ್ಷಗಳ ಠರಾವು ಪುಸ್ತಕವನ್ನು ಅಧ್ಯಕ್ಷರೇ ಗಟ್ಟಿಯಾಗಿ ಓದಿದರು, ಸಹಕಾರ್ಯದರ್ಶಿ ಮೊಬೈಲ್ ಹಿಡಿದು ಅದನ್ನು ಅಕ್ಷರವಾಗಿಸಿದರು. ಅರವತ್ತು ದಾಟಿದ ಅಧ್ಯಕ್ಷರು ತಮ್ಮ ಸಹಿಯಿರುವ ಒಂದು ಠರಾವನ್ನು ಓದುತ್ತ ನಡುವೆ ನಿಲ್ಲಿಸಿ, “ಇದನ್ನು ನಾವು ಮಾಡಲೇ ಇಲ್ಲವಲ್ಲಮ್ಮ” ಎಂದರು. ಕಚೇರಿಯ ಬಾಗಿಲಿಗೆ ಇಳಿಜಾರು ಕಟ್ಟಿಸುವ ಠರಾವು. ಮುಂದಿನ ತಿಂಗಳು ಅದನ್ನು ಕಟ್ಟಿಸಿದರು.

ವಾಟ್ಸ್‌ಆ್ಯಪ್ ಗುಂಪಿನ ಅಭ್ಯಾಸವೂ ಬದಲಾಯಿತು. ಸಭೆಯ ದಿನಾಂಕ, ಸ್ಥಳವನ್ನು ಬಣ್ಣಬಣ್ಣದ ಚಿತ್ರದಲ್ಲಿ ಹಾಕಿ ಕಳಿಸುತ್ತಿದ್ದರು, ಸಹಕಾರ್ಯದರ್ಶಿಯ ಮೊಬೈಲ್ ಅದನ್ನು ‘ಫೋಟೋ’ ಎಂದಷ್ಟೇ ಹೇಳುತ್ತಿತ್ತು. ಈಗ ಚಿತ್ರದ ಕೆಳಗೆ ಅದೇ ವಿಷಯ ಅಕ್ಷರದಲ್ಲೂ ಇರುತ್ತದೆ, ಓದು ಬಾರದ ಸದಸ್ಯರಿಗೆ ಧ್ವನಿ ಸಂದೇಶವೂ ಹೋಗುತ್ತದೆ.

ಇನ್ನೊಂದು ಸಂಗತಿ ಹೇಳಲೇಬೇಕು, ಏಕೆಂದರೆ ಸಣ್ಣ ಸಂಘಗಳು ಇಲ್ಲಿಯೇ ಹೆಚ್ಚು ಎಡವುವುದನ್ನು ಕಂಡಿದ್ದೇನೆ. ದಾನಿಗಳಿಗೆ ತೆರಿಗೆ ರಿಯಾಯಿತಿ ಸಿಗುವ 80ಜಿ ಮಾನ್ಯತೆ ಇದ್ದ ಸಂಸ್ಥೆಗಳು 2021-22ನೇ ಸಾಲಿನಿಂದ ದಾನಿಗಳ ವಿವರವನ್ನು 10ಬಿಡಿ ನಮೂನೆಯಲ್ಲಿ ಮೇ 31ರೊಳಗೆ ಸಲ್ಲಿಸಬೇಕಾಯಿತು. ಅದಾದ ಮೇಲೆಯೇ ದಾನಿಗೆ ಪ್ರಮಾಣಪತ್ರ, ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. ಮೇ ಕೊನೆಯ ವಾರದಲ್ಲಿ ತೆರಿಗೆ ಪೋರ್ಟಲ್ ತೆರೆಯಲು ಹೋದರೆ ಒಟಿಪಿ ಬರುತ್ತಿದ್ದದ್ದು ಪಟ್ಟಣದ ಒಂದು ಸೈಬರ್ ಕೇಂದ್ರದವರ ಮೊಬೈಲಿಗೆ. ನೋಂದಣಿಯ ದಿನ ಅವರ ಸಂಖ್ಯೆಯನ್ನೇ ಕೊಟ್ಟಿದ್ದರು. ಆ ಅಂಗಡಿ ಮುಚ್ಚಿ ವರ್ಷವಾಗಿತ್ತು. ಖಜಾಂಚಿಯವರು ಆ ಅಂಗಡಿ ನಡೆಸುತ್ತಿದ್ದ ಹುಡುಗನ ಹಳ್ಳಿಯವರೆಗೆ ಹುಡುಕಿಕೊಂಡು ಹೋಗಿ, ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಮುಗಿಸಿದರು.

ಆಮೇಲೆ ಸಂಘಕ್ಕೆಂದೇ ಒಂದು ಸಿಮ್ ತೆಗೆದುಕೊಂಡೆವು. ಅದು ಕಚೇರಿಯ ಸಾಮಾನ್ಯ ಫೋನಿನಲ್ಲಿ ಇರುತ್ತದೆ, ತಿಂಗಳಿಗೊಮ್ಮೆ ರೀಚಾರ್ಜ್ ಮಾಡುವ ಹೊಣೆ ಖಜಾಂಚಿಯದು. ಬ್ಯಾಂಕು, ತೆರಿಗೆ ಪೋರ್ಟಲ್, ಸ್ವಯಂಸೇವಾ ಸಂಸ್ಥೆಗಳು ನೋಂದಾಯಿಸಿಕೊಳ್ಳುವ ದರ್ಪಣ ಪೋರ್ಟಲ್, ಇಮೇಲ್ ಎಲ್ಲವೂ ಈಗ ಅದೇ ಸಂಖ್ಯೆಗೆ. ಗುಪ್ತಪದಗಳನ್ನು, ಗೂಗಲ್ ಕೊಡುವ ಹತ್ತು ಬ್ಯಾಕಪ್ ಕೋಡ್‌ಗಳ ಸಮೇತ, ಒಂದು ಪುಸ್ತಕದಲ್ಲಿ ಬರೆದು ನಗದು ಪೆಟ್ಟಿಗೆಯ ಜೊತೆ ಬೀರುವಿನಲ್ಲಿ ಇಟ್ಟಿದ್ದೇವೆ. ಗುಪ್ತಪದವನ್ನು ಕಾಗದದಲ್ಲಿ ಬರೆಯಬಾರದು ಎಂದು ನನ್ನ ವೃತ್ತಿಯವರು ಹೇಳುತ್ತಾರೆ. ಐದು ವರ್ಷಕ್ಕೊಮ್ಮೆ ಪದಾಧಿಕಾರಿಗಳು ಬದಲಾಗುವ ಸಂಘದಲ್ಲಿ ಕಳವಿಗಿಂತ ಮರೆವೇ ದೊಡ್ಡ ಅಪಾಯ ಎಂದು ನಾನು ನಂಬುತ್ತೇನೆ. ಆ ಪುಸ್ತಕದಲ್ಲಿರುವುದೆಲ್ಲ ಸಹಕಾರ್ಯದರ್ಶಿಯ ಬಳಿ ಬ್ರೈಲ್‌ನಲ್ಲೂ ಇದೆ, ಅವರೇ ಚುಚ್ಚಿಕೊಂಡದ್ದು.

ಕಳೆದ ಸರ್ವ ಸದಸ್ಯರ ಸಭೆಗೆ ನಾನೂ ಹೋಗಿದ್ದೆ. ಹಿಂದಿನ ಸಭೆಯ ನಡಾವಳಿಯನ್ನು ಓದುವುದು ಕಾರ್ಯದರ್ಶಿಯ ಕೆಲಸ, ಅಂದು ಅದನ್ನು ಸಹಕಾರ್ಯದರ್ಶಿಗೆ ಬಿಟ್ಟುಕೊಟ್ಟರು. ಅವರು ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಒಂದು ಸಾಲು ಕೇಳಿ ಒಂದು ಸಾಲು ಹೇಳುತ್ತ ಹೋದರು. ಹಿಂದಿನ ಸಾಲಿನಿಂದ ಒಬ್ಬ ಹಿರಿಯರು, ಹೊಲಿಗೆ ಯಂತ್ರಕ್ಕೆ ಎಷ್ಟು ಮಂಜೂರಾಯಿತು, ಇನ್ನೊಮ್ಮೆ ಹೇಳಮ್ಮ ಎಂದರು. ಅವರು ಬೆರಳಿನಿಂದ ಪರದೆಯನ್ನು ಸವರಿ ಒಂದು ಸಾಲು ಹಿಂದೆ ಹೋಗಿ ಮೊತ್ತವನ್ನು ಮತ್ತೆ ಓದಿದರು.