ಎಸ್ಟೀಮ್ ಟರ್ಬೊಗೆ ಪೆಟ್ರೋಲಿನ ಲೆಕ್ಕ ಕೂಡಿಸಿದ್ದು: ನನ್ನ ಅನುಭವ

ನನ್ನ 2003ರ ಮಾರುತಿ ಎಸ್ಟೀಮ್ ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಸಾಧನ) ಹೊತ್ತುಕೊಂಡು ಈಗ ಸುಮಾರು 18,000 ಕಿಲೋಮೀಟರ್ ಓಡಿದೆ. ವಾರದಲ್ಲಿ ನಾಲ್ಕು ದಿನ ಆಫೀಸಿಗೆ ಹೋಗುತ್ತದೆ, ಬೆಳಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ, ಎಸಿ ಹಾಕಿದರೂ ಐಡ್ಲಿಂಗ್ ಕದಲುವುದಿಲ್ಲ. ಇದನ್ನು ಬರೆಯಲು ಕಾರಣವಿದೆ. ಅದರ ಜಿ13ಬಿಬಿ ಎಂಜಿನ್ನಿಗೆ ಟರ್ಬೊ ಕೂರಿಸುವುದು ದೊಡ್ಡ ಮಾತಲ್ಲ, ಆದರೆ ಕೈಯಲ್ಲಿ ಬೆಸುಗೆ ಹಾಕಿದ ಸ್ಪೀಡುಯಿನೊ ಎಂಬ ಎಂಜಿನ್ ನಿಯಂತ್ರಣ ಬೋರ್ಡಿನಿಂದ ಅದಕ್ಕೆ ಪೆಟ್ರೋಲು ಕೊಟ್ಟು ದಿನನಿತ್ಯ ಓಡಿಸುವುದು ಆಗದ ಕೆಲಸ ಎಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಹೇಳಿದವರಲ್ಲಿ ನಾನು ಗೌರವಿಸುವ ಹಿರಿಯ ಮೆಕ್ಯಾನಿಕ್ಕುಗಳೂ ಇದ್ದರು. ಅವರ ಅನುಮಾನ ಸುಳ್ಳಾಗಲು ಮೂರು ವರ್ಷ ಮತ್ತು ಒಂದು ಎಂಜಿನ್ ಖರ್ಚಾಯಿತು.

ಆ ಎಂಜಿನ್ ಹೋದ ಕಥೆಯಿಂದಲೇ ಆರಂಭಿಸುತ್ತೇನೆ. ಮೊದಲ ಸಲ ಕೆಲಸವನ್ನು ನಗರದ ಒಂದು ಗ್ಯಾರೇಜಿಗೆ ಒಪ್ಪಿಸಿದ್ದೆ. ಕಂಪನಿಯ ಇಸಿಯು (ಎಂಜಿನ್ ನಿಯಂತ್ರಿಸುವ ಪುಟ್ಟ ಕಂಪ್ಯೂಟರ್) ಹಾಗೆಯೇ ಇರಲಿ, ಬೂಸ್ಟ್ (ಟರ್ಬೊ ಕೊಡುವ ಹೆಚ್ಚುವರಿ ಗಾಳಿಯ ಒತ್ತಡ) ಬಂದಾಗ ಮಾತ್ರ ಹೆಚ್ಚುವರಿ ಪೆಟ್ರೋಲು ಸಿಂಪಡಿಸಲು ಗಾಳಿ ಒಳಹೋಗುವ ಥ್ರಾಟಲ್ ಬಾಡಿಯ ಹತ್ತಿರ ಐದನೆಯ ಇಂಜೆಕ್ಟರ್ ಹಾಕೋಣ ಎಂದು ಅವರು ಹೇಳಿದರು. ಪೆಟ್ಟಿಗೆ, ಇಂಜೆಕ್ಟರ್, ಕೂಲಿ ಎಲ್ಲ ಸೇರಿ 45,000 ರೂಪಾಯಿ ತೆಗೆದುಕೊಂಡರು. ಗಾಳಿ-ಪೆಟ್ರೋಲಿನ ಪ್ರಮಾಣ ಹೇಳುವ ಲ್ಯಾಂಬ್ಡಾ ಮೀಟರ್ (1 ಎಂದರೆ ಸಮ, ಅದಕ್ಕಿಂತ ಕಡಿಮೆ ಎಂದರೆ ಪೆಟ್ರೋಲು ಹೆಚ್ಚು) 0.80 ತೋರಿಸುತ್ತಿತ್ತು, ನೋಡಿದವರೆಲ್ಲ ಚೆನ್ನಾಗಿದೆ ಎಂದರು. ಆದರೆ ಆ ಮೀಟರ್ ಹೇಳುವುದು ನಾಲ್ಕು ಸಿಲಿಂಡರುಗಳ ಸರಾಸರಿಯನ್ನು. ಗಾಳಿಗಾಗಿ ಮಾತ್ರ ರೂಪಿಸಿದ ಮ್ಯಾನಿಫೋಲ್ಡಿನಲ್ಲಿ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಗಳು) ಪೆಟ್ರೋಲಿನ ಹನಿಗಳು ಸಮನಾಗಿ ಹಂಚಿಕೆಯಾಗುವುದಿಲ್ಲ. ಒಂದನೆಯ ಪ್ಲಗ್ ಪೆಟ್ರೋಲು ಹೆಚ್ಚಾಗಿ ಮಸಿಯಂತೆ ಕಪ್ಪಾಗಿತ್ತು, ಮೂರನೆಯದು ಪೆಟ್ರೋಲು ಸಾಲದೆ ಸುಣ್ಣದಂತೆ ಬೆಳ್ಳಗಿತ್ತು. ಅದನ್ನು ಕಂಡ ದಿನವೇ ನಾನು ಗಾಡಿ ನಿಲ್ಲಿಸಬೇಕಿತ್ತು. ಎರಡು ವಾರದ ನಂತರ ಮೂರನೆಯ ಪಿಸ್ಟನ್ನಿನಲ್ಲಿ ರಿಂಗ್ ಕೂರುವ ಅಂಚು ಒಡೆದು, ಹೊಗೆ ಬರತೊಡಗಿತು. ಎಂಜಿನ್ ಬಿಚ್ಚಿ ಕಟ್ಟಲು ಮತ್ತೆ 38,000 ರೂಪಾಯಿಯ ಆಸುಪಾಸು ಹೋಯಿತು. ಒಡೆದ ಆ ಪಿಸ್ಟನ್ ಈಗಲೂ ನನ್ನ ಮೇಜಿನ ಮೇಲಿದೆ.

ಎರಡನೆಯ ಸಲ ಎಲ್ಲವನ್ನೂ ನಾನೇ ಮಾಡಿದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬಿಡಿಭಾಗ ಕೊಂಡು ಬೋರ್ಡು ಕಟ್ಟಿದೆ. ಎಂಜಿನ್ ಎಷ್ಟು ತಿರುಗಿದೆ ಎಂದು ಬೋರ್ಡಿಗೆ ತಿಳಿಸುವ 36-1 ಹಲ್ಲಿನ (36ರಲ್ಲಿ ಒಂದು ಹಲ್ಲು ಬಿಟ್ಟ) ಚಕ್ರವನ್ನು ಪೀಣ್ಯದ ಒಂದು ಲೇತ್ ಅಂಗಡಿಯಲ್ಲಿ ಕೊರೆಸಿದೆ. ಫಿಯೆಟ್ ಲೀನಿಯಾ ಟಿ-ಜೆಟ್‌ನಿಂದ ಕಳಚಿದ ಐಎಚ್‌ಐ ಟರ್ಬೊ, ನಿಮಿಷಕ್ಕೆ 330 ಸಿಸಿಯ ನಾಲ್ಕು ಇಂಜೆಕ್ಟರ್, ಗಂಟೆಗೆ 255 ಲೀಟರಿನ ಪೆಟ್ರೋಲ್ ಪಂಪ್, ಬಾಷ್ ಎಲ್‌ಎಸ್‌ಯು 4.9 ಸೆನ್ಸರಿನ ವೈಡ್‌ಬ್ಯಾಂಡ್ ಲ್ಯಾಂಬ್ಡಾ ಮೀಟರ್, ಇವಿಷ್ಟು ಸಾಮಾನು. ಬೂಸ್ಟ್ 0.55 ಬಾರ್ ಮಾತ್ರ. ಜೋಡಣೆಯ ವಿವರ ಓದುವವರಿಗೆ ಗೊತ್ತಿರುವುದೇ ಆದ್ದರಿಂದ ಬಿಡುತ್ತೇನೆ. ಒಂದನ್ನು ಮಾತ್ರ ಹೇಳಬೇಕು. ಮೊದಲ ತಿಂಗಳು ಬೋರ್ಡು 4,000 ಆರ್‌ಪಿಎಂ ದಾಟಿದೊಡನೆ ತಾನಾಗಿಯೇ ರೀಸೆಟ್ ಆಗುತ್ತಿತ್ತು. ಬೋರ್ಡು ಬದಲಿಸಿದೆ, ಕೇಬಲ್ ಬದಲಿಸಿದೆ, ಅರ್ತಿಂಗ್ ಮೂರು ಸಲ ಹೊಸದಾಗಿ ಎಳೆದೆ. ಕೊನೆಗೆ ತಪ್ಪು ಸಿಕ್ಕಿದ್ದು ಪ್ಲಗ್ಗಿನಲ್ಲಿ. ನಾನು ಹಾಕಿದ್ದು ಒಳಗೆ ರೆಸಿಸ್ಟರ್ ಇಲ್ಲದ ಬಗೆ, ಅದರ ಕಿಡಿಯ ವಿದ್ಯುತ್ ಗದ್ದಲ ಬೋರ್ಡನ್ನು ಕೆಡಿಸುತ್ತಿತ್ತು. ಹೆಸರಿನಲ್ಲಿ 'ಆರ್' ಅಕ್ಷರವಿರುವ ಎನ್‌ಜಿಕೆ ಪ್ಲಗ್ ಹಾಕಿ, ಕ್ರ್ಯಾಂಕ್ ಸೆನ್ಸರಿನ ವೈರಿಗೆ ಶೀಲ್ಡ್ ಹೊದಿಸಿದ ಮೇಲೆ ಇಂದಿನವರೆಗೆ ಒಮ್ಮೆಯೂ ರೀಸೆಟ್ ಆಗಿಲ್ಲ.

ನನ್ನನ್ನು ಅತಿ ಹೆಚ್ಚು ಕಾಡಿದ್ದು 5,500 ಆರ್‌ಪಿಎಂ ಮೇಲೆ ಬರುತ್ತಿದ್ದ ಲೀನ್, ಎಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲು ಸಾಲದ ಸ್ಥಿತಿ. ಕೆಳಗೆಲ್ಲ 0.82ರಲ್ಲಿ ಗೆರೆ ಎಳೆದಂತೆ ನಿಲ್ಲುವ ಲ್ಯಾಂಬ್ಡಾ, ಪೂರ್ತಿ ಬೂಸ್ಟಿನಲ್ಲಿ ಮೇಲಕ್ಕೆ ಹೋದಂತೆ 0.86, 0.88 ಎಂದು ಏರುತ್ತಿತ್ತು. ನಾನು ಟೇಬಲ್ಲಿನ (ಎಷ್ಟು ವೇಗಕ್ಕೆ, ಎಷ್ಟು ಒತ್ತಡಕ್ಕೆ ಎಷ್ಟು ಪೆಟ್ರೋಲು ಎಂದು ಬೋರ್ಡಿಗೆ ಹೇಳುವ ಪಟ್ಟಿ) ಆ ಮೂಲೆಯಲ್ಲಿ ಪೆಟ್ರೋಲು ಹೆಚ್ಚಿಸುತ್ತ ಹೋದೆ. ಶೇ. 5 ಸೇರಿಸಿದರೆ ಒಂದು ದಿನ ಸರಿಹೋಗುತ್ತಿತ್ತು, ಮರುದಿನ ರಾತ್ರಿ ಹೆಡ್‌ಲೈಟ್ ಹಾಕಿ ಓಡಿಸಿದರೆ ಮತ್ತೆ ಲೀನ್. ಹಗಲು ಒಂದು, ರಾತ್ರಿ ಒಂದು ಎನ್ನುವ ಈ ಸುಳಿವು ಕಣ್ಣೆದುರಿಗಿದ್ದರೂ ಸುಮಾರು ಒಂದು ತಿಂಗಳು ಟೇಬಲ್ಲಿನಲ್ಲೇ ಮುಳುಗಿದ್ದೆ. ಗಂಟೆಗೆ 3,500 ರೂಪಾಯಿಯಂತೆ ಡೈನೊಗೆ (ಗಾಡಿಯ ಶಕ್ತಿ ಅಳೆಯುವ ಯಂತ್ರ) ಕೊಟ್ಟದ್ದೇ ಹದಿನಾಲ್ಕು ಸಾವಿರ.

ಕೊನೆಗೆ ಪಂಪಿನ ಕನೆಕ್ಟರಿಗೆ ಎರಡು ಉದ್ದನೆಯ ವೈರು ಕಟ್ಟಿ, ಹಿಂದಿನ ಸೀಟಿನ ಪಕ್ಕದಿಂದ ಒಳಗೆ ಎಳೆದು, ಮಲ್ಟಿಮೀಟರನ್ನು ನನ್ನ ಭಾವಮೈದನ ಕೈಗೆ ಕೊಟ್ಟೆ. ಗಾಡಿ ಡೈನೊ ಮೇಲೆ, ಮೂರನೆಯ ಗೇರು, ಪೂರ್ತಿ ಆಕ್ಸಿಲರೇಟರ್. ಅವನು ಗಟ್ಟಿಯಾಗಿ ಓದುತ್ತಿದ್ದ: "ಹನ್ನೆರಡೂವರೆ... ಹನ್ನೆರಡು... ಹನ್ನೊಂದೂಕಾಲು... ಭಾವ, ಹತ್ತು ಮುಕ್ಕಾಲಿಗೆ ಬಂತು!" ಅದೇ ಹೊತ್ತಿಗೆ ಬ್ಯಾಟರಿಯಲ್ಲಿ 13.9 ವೋಲ್ಟ್ ಇತ್ತು. ಮೂರು ವೋಲ್ಟು ದಾರಿಯಲ್ಲೇ ಕಳೆದುಹೋಗುತ್ತಿತ್ತು. ಕಂಪನಿ ಎಳೆದ ವೈರು ಅದರ ಸಣ್ಣ ಪಂಪಿಗೆ ಸರಿಯಾಗಿಯೇ ಇತ್ತು, ದುಪ್ಪಟ್ಟು ಕರೆಂಟು ಎಳೆಯುವ ಪಂಪನ್ನು ಅದಕ್ಕೆ ಕಟ್ಟಿದವನು ನಾನು. ಇಂಜೆಕ್ಟರುಗಳಿಗೆ ಪೆಟ್ರೋಲು ಹಂಚುವ ಕೊಳವೆಯಲ್ಲಿ ಒತ್ತಡದ ಗೇಜ್ ಹಾಕಿ ನೋಡಿದರೆ, 3 ಬಾರ್ ಮೂಲ ಒತ್ತಡಕ್ಕೆ ಬೂಸ್ಟ್ ಸೇರಿ 3.55 ಇರಬೇಕಾದಲ್ಲಿ 3.1 ಮಾತ್ರ ಇತ್ತು. ಬ್ಯಾಟರಿಯಿಂದ ನೇರವಾಗಿ ನಾಲ್ಕು ಚದರ ಮಿಲಿಮೀಟರಿನ ತಾಮ್ರದ ವೈರು, ಫ್ಯೂಸು, 40 ಆಂಪಿಯರಿನ ರಿಲೇ, ಪಂಪಿನ ಹತ್ತಿರವೇ ಹೊಸ ಅರ್ತಿಂಗ್ ಹಾಕಿದೆ. ಎಲ್ಲ ಸೇರಿ 900 ರೂಪಾಯಿ ದಾಟಲಿಲ್ಲ. ಟೇಬಲ್ಲಿನಲ್ಲಿ ಒಂದು ತಿಂಗಳಿನಿಂದ ಸೇರಿಸಿದ್ದನ್ನೆಲ್ಲ ಮರುದಿನವೇ ತೆಗೆದುಹಾಕಬೇಕಾಯಿತು.

ಬೂಸ್ಟಿನ ಕೊಳವೆಯನ್ನು ಪೆಟ್ರೋಲಿನ ಒತ್ತಡ ಹಿಡಿದಿಡುವ ರೆಗ್ಯುಲೇಟರಿಗೆ ಕೊಡದೆ ಓಡಿಸುವವರನ್ನು ನಾನು ಈಗಲೂ ನೋಡುತ್ತೇನೆ. ಮ್ಯಾನಿಫೋಲ್ಡಿನ ಒಳಗೆ 0.55 ಬಾರ್ ಎದುರು ನಿಂತಾಗ 3 ಬಾರಿನ ಇಂಜೆಕ್ಟರ್ ಕೊಡುವ ಪೆಟ್ರೋಲು ಹತ್ತಿರ ಹತ್ತಿರ ಶೇ. 10ರಷ್ಟು ಕಡಿಮೆಯಾಗುತ್ತದೆ. ಅದನ್ನು ಟೇಬಲ್ಲಿನಲ್ಲಿ ತುಂಬಿಸಿಕೊಳ್ಳಬಹುದು ಎಂಬ ವಾದ ನನಗೆ ಒಪ್ಪಿಗೆಯಿಲ್ಲ. ಟೇಬಲ್ಲು ಎಂಜಿನ್ ಉಸಿರಾಡುವ ಲೆಕ್ಕವನ್ನಷ್ಟೇ ಹೇಳಬೇಕು, ಪಂಪಿನ ಮತ್ತು ಪೈಪಿನ ಕೊರತೆಯನ್ನು ಅದರಲ್ಲಿ ಮುಚ್ಚಿಟ್ಟರೆ ಮುಂದೆ ಯಾವ ಅಂಕಿಯನ್ನೂ ನಂಬಲಾಗದು.

ಎಸಿ ಹಾಕಿದಾಗ ಐಡ್ಲಿಂಗ್ ಕುಸಿಯುತ್ತಿದ್ದ ತೊಂದರೆಯೂ ಇದೇ ಜಾತಿಯದು. ದೊಡ್ಡ ಇಂಜೆಕ್ಟರುಗಳು ಐಡ್ಲಿಂಗ್‌ನಲ್ಲಿ ತೆರೆದಿರುವುದು ಎರಡು ಮಿಲಿಸೆಕೆಂಡಿನ ಆಸುಪಾಸು. ಅದರಲ್ಲಿ ಸುಮಾರು ಒಂದು ಮಿಲಿಸೆಕೆಂಡು ಸೂಜಿ ಏಳುವುದಕ್ಕೇ ಹೋಗುತ್ತದೆ, ಪೆಟ್ರೋಲು ಬರುವುದು ಉಳಿದ ಹೊತ್ತಿನಲ್ಲಿ. ಎಸಿ ಕಂಪ್ರೆಸರ್ ಮತ್ತು ರೇಡಿಯೇಟರ್ ಫ್ಯಾನ್ ಒಟ್ಟಿಗೆ ಹಿಡಿದಾಗ ವೋಲ್ಟೇಜು 14.1ರಿಂದ 12.6ಕ್ಕೆ ಇಳಿಯುತ್ತದೆ, ಸೂಜಿ ಇನ್ನಷ್ಟು ನಿಧಾನವಾಗುತ್ತದೆ. ಮಾರಿದವನು ಕೊಟ್ಟ ಅಂಕಿಗಳಲ್ಲಿ ಈ ವ್ಯತ್ಯಾಸ 0.1 ಮಿಲಿಸೆಕೆಂಡು ಎಂದಿತ್ತು, ನಾನು ಅಳೆದಾಗ ಬಂದದ್ದು 0.25ರ ಹತ್ತಿರ. ಆ ಒಂದು ಸಾಲನ್ನು ತಿದ್ದಿದ ಮೇಲೆ ಐಡ್ಲಿಂಗ್ 900ರಲ್ಲಿ ಕಲ್ಲಿನಂತೆ ನಿಂತಿದೆ. ಮನೆಯಲ್ಲೇ ಇದನ್ನು ಅಳೆದ ರೀತಿಯನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಅಳತೆಯ ಜಾಡಿ, ಗಾಡಿಯ ಬ್ಯಾಟರಿ ಮತ್ತು ಹಳೆಯದೊಂದು ಸಾಮಾನು ಸಾಕು ಎಂದಷ್ಟೇ ಹೇಳುತ್ತೇನೆ. ಆ ಉಪಾಯ ಹೊಳೆಯಲು ನನಗೆ ಆರು ತಿಂಗಳು ಹಿಡಿದಿದೆ.

ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಇಪ್ಪತ್ತು ನಿಮಿಷ ನಿಂತು ಹೊರಟರೆ ಗಾಡಿ ಮುಗ್ಗರಿಸುತ್ತಿತ್ತು. ಗಾಳಿಯ ಉಷ್ಣತೆಯ ಸೆನ್ಸರನ್ನು ನಾನು ಮ್ಯಾನಿಫೋಲ್ಡಿನ ಲೋಹಕ್ಕೆ ಕೂರಿಸಿದ್ದೆ. ನಿಂತಲ್ಲಿ ಲೋಹ ಕಾದು ಸೆನ್ಸರ್ 70 ಡಿಗ್ರಿ ಹೇಳುತ್ತಿತ್ತು, ಒಳಗೆ ಹೋಗುತ್ತಿದ್ದ ಗಾಳಿ ಅಷ್ಟು ಬಿಸಿ ಇರಲಿಲ್ಲ, ಬೋರ್ಡು ಅದನ್ನು ನಂಬಿ, ಬಿಸಿ ಗಾಳಿ ತೆಳುವೆಂದು ಪೆಟ್ರೋಲು ಕಡಿಮೆ ಮಾಡುತ್ತಿತ್ತು. ಸೆನ್ಸರನ್ನು ಗಾಳಿ ತಣಿಸುವ ಇಂಟರ್‌ಕೂಲರ್ ನಂತರದ ಪೈಪಿಗೆ ವರ್ಗಾಯಿಸಿದೆ, ಅಲ್ಲಿಗೆ ಅದು ಮುಗಿಯಿತು.

ಇಷ್ಟಾದ ಮೇಲೆ ಎಲ್ಲ ಸರಿಯಾಯಿತೆಂದು ಮಂಗಳೂರಿಗೆ ಹೊರಟೆ. ಶಿರಾಡಿ ಘಾಟಿ ಇಳಿದು ಬಿ.ಸಿ. ರೋಡ್ ದಾಟಿದ ಮೇಲೆ ಒಂದು ಟ್ಯಾಂಕರನ್ನು ಹಿಂದಿಕ್ಕಲು ಪೂರ್ತಿ ಒತ್ತಿದೆ. ಡಬ್ಬದೊಳಗೆ ಕಲ್ಲು ಅಲ್ಲಾಡಿಸಿದಂತೆ ನಾಕಿಂಗ್ (ಸಿಲಿಂಡರಿನಲ್ಲಿ ಪೆಟ್ರೋಲು ಅಡ್ಡಾದಿಡ್ಡಿಯಾಗಿ ಸಿಡಿಯುವ ಸದ್ದು) ಕೇಳಿತು. ಲ್ಯಾಂಬ್ಡಾ ನೋಡಿದರೆ 0.89. ಕಾಲು ತೆಗೆದು, ಉಳಿದ ದಾರಿಯನ್ನೆಲ್ಲ ಬೂಸ್ಟ್ ಬರದಂತೆ ಓಡಿಸಿ, ರಾತ್ರಿ ತಂಗಿಯ ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತೆ.

ಲಾಗ್‌ನಲ್ಲಿ ಎರಡು ಕಾರಣ ಸಿಕ್ಕವು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 920 ಮೀಟರ್ ಎತ್ತರದಲ್ಲಿದೆ, ಅಲ್ಲಿ ವಾತಾವರಣದ ಒತ್ತಡ 91 ಕಿಲೋಪ್ಯಾಸ್ಕಲ್. ಬೂಸ್ಟಿಗೆ ಮಿತಿ ಹಾಕುವ ವೇಸ್ಟ್‌ಗೇಟಿನ ಸ್ಪ್ರಿಂಗು ಸುತ್ತಲಿನ ಗಾಳಿಯ ಮೇಲೆ 55 (ಅದೇ 0.55 ಬಾರ್) ಸೇರಿಸುತ್ತದೆಯೇ ಹೊರತು ಒಟ್ಟು ಎಷ್ಟೆಂದು ಅದಕ್ಕೆ ತಿಳಿಯದು. ಆದ್ದರಿಂದ ಬೆಂಗಳೂರಿನಲ್ಲಿ ಮ್ಯಾನಿಫೋಲ್ಡಿನ ಒತ್ತಡ 146 ದಾಟುತ್ತಲೇ ಇರಲಿಲ್ಲ, ಮಂಗಳೂರಿನಲ್ಲಿ 156 ಮುಟ್ಟಿತು. ನನ್ನ ಟೇಬಲ್ಲಿನ ಕೊನೆಯ ಸಾಲು 150. ಮ್ಯಾಪ್ (ಮ್ಯಾನಿಫೋಲ್ಡಿನ ಒತ್ತಡ) ಗುಣಿಸುವ ಆಯ್ಕೆಯನ್ನು ನಾನು ಆಫ್ ಇಟ್ಟಿದ್ದರಿಂದ ಆ ಸಾಲಿನಾಚೆ ಗಾಳಿ ಹೆಚ್ಚಿದರೂ ಪೆಟ್ರೋಲು ಹೆಚ್ಚುತ್ತಿರಲಿಲ್ಲ. ಇದು ಶೇ. 4ರ ಕೊರತೆ. ಇನ್ನೊಂದು ಶೇ. 4 ಬಂದದ್ದು ಟ್ಯಾಂಕಿನಿಂದ. ದಾರಿಯಲ್ಲಿ ತುಂಬಿಸಿದ್ದು ಇ20 (ಶೇ. 20 ಎಥನಾಲ್ ಬೆರೆತ ಪೆಟ್ರೋಲು), ನಾನು ಟೇಬಲ್ಲು ಕಟ್ಟಿದ್ದು ಶೇ. 10 ಎಥನಾಲ್ ಇರುವ ಪೆಟ್ರೋಲಿಗೆ. ಎಥನಾಲ್ ಹೆಚ್ಚಾದಷ್ಟೂ ಅದೇ ಗಾಳಿಗೆ ಹೆಚ್ಚು ಇಂಧನ ಬೇಕು. 2023ರ ಫೆಬ್ರವರಿಯಲ್ಲಿ ಇ20 ಬಿಡುಗಡೆಯಾದದ್ದು ಬೆಂಗಳೂರಿನಲ್ಲೇ ಆದರೂ, ನಮ್ಮ ಬಡಾವಣೆಯ ಬಂಕಿಗೆ ಅದು ಆಗಿನ್ನೂ ಬಂದಿರಲಿಲ್ಲ. ಎರಡು ಸಣ್ಣ ಕೊರತೆಗಳು ಒಂದೇ ದಿನ ಒಂದೇ ಕಡೆ ಸೇರಿದರೆ 0.82 ಇದ್ದದ್ದು 0.89 ಆಗುತ್ತದೆ.

ಟೇಬಲ್ಲನ್ನು 180ರವರೆಗೆ ವಿಸ್ತರಿಸಿದ್ದು ಅದೇ ರಾತ್ರಿ. ಎಥನಾಲಿನ ಪರಿಹಾರಕ್ಕೆ ಇನ್ನೂ ಮೂರು ತಿಂಗಳು ಹಿಡಿಯಿತು. ಪೆಟ್ರೋಲಿನ ರಿಟರ್ನ್ ಪೈಪಿನಲ್ಲಿ ಎಥನಾಲ್ ಪ್ರಮಾಣ ಅಳೆಯುವ ಫ್ಲೆಕ್ಸ್ ಸೆನ್ಸರ್ ಹಾಕಿದೆ, ಹಳೆಯದು 7,000 ರೂಪಾಯಿಗೆ ಸಿಕ್ಕಿತು. ಶುದ್ಧ ಪೆಟ್ರೋಲಿಗೆ 50 ಹರ್ಟ್ಸ್, ಶುದ್ಧ ಎಥನಾಲಿಗೆ 150, ನಡುವಿನದೆಲ್ಲ ನೇರ ಗೆರೆ. ಸ್ಪೀಡುಯಿನೊ ಅದನ್ನು ನೇರವಾಗಿ ಓದುತ್ತದೆ. ಇನ್ನೊಂದು ಮಾತನ್ನು ಇಲ್ಲಿ ಒತ್ತಿ ಹೇಳಬೇಕು: ಮೀಟರಿನಲ್ಲಿ 14.7, 12.0 ಎಂಬ ಗಾಳಿ-ಪೆಟ್ರೋಲಿನ ಅನುಪಾತದ ಅಂಕಿಗಳನ್ನು ನೋಡುವುದನ್ನು ಬಿಟ್ಟು ಲ್ಯಾಂಬ್ಡಾ ಮಾತ್ರ ನೋಡಬೇಕು. 14.7 ಎಂಬುದು ಎಥನಾಲ್ ಇಲ್ಲದ ಪೆಟ್ರೋಲಿನ ಅಂಕಿ, ಇ20ಗೆ ಅದು 13.5ರ ಹತ್ತಿರ. ನಮ್ಮಲ್ಲಿ ಇದನ್ನು ಕಲಸಿಕೊಂಡು ಅನಗತ್ಯವಾಗಿ ರಿಚ್ (ಪೆಟ್ರೋಲು ಹೆಚ್ಚಾಗಿ) ಓಡಿಸಿ ಬೋರ್ ಸವೆಸಿಕೊಂಡವರಿದ್ದಾರೆ.

ಸೆನ್ಸರ್ ಬಂದ ಮೇಲೆ ಕುತೂಹಲಕ್ಕೆ ಬೇರೆ ಬೇರೆ ಬಂಕುಗಳ ಪೆಟ್ರೋಲು ತುಂಬಿಸಿ ಬರೆದಿಟ್ಟೆ. ಹೆಚ್ಚಿನ ಕಡೆ ಶೇ. 18ರಿಂದ 20 ಎಥನಾಲ್ ತೋರಿಸಿತು. ಒಮ್ಮೆ ಟ್ಯಾಂಕ್ ಬಹುತೇಕ ಬರಿದು ಮಾಡಿ 100 ಆಕ್ಟೇನ್ ಪೆಟ್ರೋಲನ್ನು ಲೀಟರಿಗೆ 160 ರೂಪಾಯಿ ಕೊಟ್ಟು ಹಾಕಿಸಿದಾಗ ಸೆನ್ಸರ್ 2 ಎಂದಿತು, ಪೆಟ್ರೋಲಿನ ಪಲ್ಸು (ಇಂಜೆಕ್ಟರ್ ತೆರೆದಿರುವ ಹೊತ್ತು) ತಾನಾಗಿಯೇ ಶೇ. 7ರಷ್ಟು ಇಳಿಯಿತು, ಲ್ಯಾಂಬ್ಡಾ ಮಾತ್ರ 0.82 ಬಿಟ್ಟು ಅಲ್ಲಾಡಲಿಲ್ಲ. ನನಗೆ ಈ ಇಡೀ ಕೆಲಸದಲ್ಲಿ ಅತಿ ಹೆಚ್ಚು ಸಂತೋಷ ಕೊಟ್ಟ ಗಳಿಗೆ ಅದು. ಇಗ್ನಿಷನ್ (ಕಿಡಿ ಹಾರುವ ಹೊತ್ತು) ಎರಡು ಡಿಗ್ರಿ ಮುಂದಿಟ್ಟು ಡೈನೊ ಹತ್ತಿಸಿದೆ, ನಾಲ್ಕು ಕುದುರೆ ಶಕ್ತಿ ಹೆಚ್ಚು ಬಂತು. ದಿನದ ಓಡಾಟಕ್ಕೆ ಆ ಬೆಲೆ ಕೊಡುವಂಥದ್ದಲ್ಲ.

ಕಂಪನಿ ಹೇಳಿದ 85 ಕುದುರೆ ಶಕ್ತಿ ಎಂಜಿನ್ನಿನಲ್ಲಿ ಅಳೆದದ್ದು. ಈಗ ಚಕ್ರದಲ್ಲಿ 108 ಬರುತ್ತದೆ, ಇಂಜೆಕ್ಟರುಗಳು ತಮ್ಮ ಸಾಮರ್ಥ್ಯದ ಶೇ. 70 ದಾಟುವುದಿಲ್ಲ. ಹೆದ್ದಾರಿಯಲ್ಲಿ ಸಮಾಧಾನದಿಂದ ಹೋದರೆ ಲೀಟರಿಗೆ ಹದಿಮೂರು, ಊರೊಳಗೆ ಒಂಬತ್ತೂವರೆ. ಮೊದಲ ಗ್ಯಾರೇಜು ಮತ್ತು ಒಡೆದ ಎಂಜಿನ್ ಬಿಟ್ಟು ಟರ್ಬೊದಿಂದ ಹಿಡಿದು ರಿಲೇವರೆಗೆ ನನಗೆ ಆದ ಖರ್ಚು 1.6 ಲಕ್ಷ, ಅದರಲ್ಲಿ ಎಲೆಕ್ಟ್ರಾನಿಕ್ಸ್ ಪಾಲು 45,000ದ ಒಳಗೆ. ಎಂದರೆ ಮೊದಲ ಗ್ಯಾರೇಜು ಐದನೆಯ ಇಂಜೆಕ್ಟರಿಗೆ ತೆಗೆದುಕೊಂಡಷ್ಟೇ.

ಕಳೆದ ತಿಂಗಳು ಮತ್ತೆ ಮಂಗಳೂರಿಗೆ ಹೋಗಿ ಚಾರ್ಮಾಡಿ ಹತ್ತಿ ಹಿಂದಿರುಗಿದೆ. ಜೊತೆಗಿದ್ದವರು ಐದನೆಯ ಇಂಜೆಕ್ಟರಿನ ಕಾಲದಿಂದಲೂ ಈ ಗಾಡಿಯನ್ನು ಬಲ್ಲ ಹಿರಿಯ ಮೆಕ್ಯಾನಿಕ್. ಕೊಟ್ಟಿಗೆಹಾರದಲ್ಲಿ ಚಹಾಕ್ಕೆ ನಿಂತಾಗ ಅವರೇ ಬಾನೆಟ್ ಎತ್ತಿಸಿ, ಎಂಜಿನ್ ಸ್ವಲ್ಪ ಆರಿದ ಮೇಲೆ ನಾಲ್ಕೂ ಪ್ಲಗ್ ಬಿಚ್ಚಿ ಬಾನೆಟ್ಟಿನ ಅಂಚಿನಲ್ಲಿ ಸಾಲಾಗಿ ಇಟ್ಟರು. ನಾಲ್ಕೂ ಒಂದೇ ತಿಳಿ ಕಂದು. ಮೂರನೆಯದನ್ನು ಮಾತ್ರ ಎತ್ತಿಕೊಂಡು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, "ನಿಮ್ಮ ವೈರಿಂಗ್ ಚಿತ್ರ ಒಂದು ಪ್ರತಿ ಕೊಡಿ ಸಾರ್" ಎಂದರು.