ಬಾಕ್ಸ್ ನಂಬುವ ಮುಂಚೆ ನಾನು ನೋಡುವುದು

ನಾನು ಏರ್‌ಬಸ್ ಎ320 ವಿಮಾನ ಹಾರಿಸುತ್ತೇನೆ. ಬೆಂಗಳೂರಿನಿಂದ ಹೊರಡುವ ಫ್ಲೈಟ್‌ಗಳೇ ಜಾಸ್ತಿ. ನೆಂಟರು ಸಿಕ್ಕಾಗಲೆಲ್ಲ ಕೇಳುವುದು ಮಳೆಯಲ್ಲಿ ಲ್ಯಾಂಡ್ ಮಾಡುವ ಬಗ್ಗೆ. ನಾನು ಹೆಚ್ಚು ಎಚ್ಚರದಲ್ಲಿರುವುದು ಮಾತ್ರ ಗೇಟ್‌ನಲ್ಲೇ, ವಿಮಾನ ಒಂದಿಂಚೂ ಅಲುಗಾಡದೆ ನಿಂತಿರುವಾಗ. ಮೊಣಕಾಲ ಪಕ್ಕ ಒಂದು ಪುಟ್ಟ ಸ್ಕ್ರೀನು, ಕೀಬೋರ್ಡು ಇರುತ್ತದೆ. ಎಂಸಿಡಿಯು ಅಂತ ಹೆಸರು, ನಮ್ಮ ಬಾಯಲ್ಲಿ ಬರೀ ಬಾಕ್ಸ್. ಹೋಗುವ ದಾರಿ, ವಿಮಾನದ ತೂಕ, ಟೇಕಾಫ್ ವೇಗ ಎಲ್ಲವನ್ನೂ ಅದಕ್ಕೆ ನಾವೇ ತುಂಬಬೇಕು.

ಬಾಕ್ಸ್ ಒಂಥರಾ ಅರ್ಜಿಯ ಕಾಲಂ ತುಂಬಿದೆಯಾ ಅಂತಷ್ಟೇ ನೋಡುವ ಗುಮಾಸ್ತನ ಹಾಗೆ. ಅಂಕಿ ಬರೆದ ರೀತಿ ಸರಿ ಇದ್ದರೆ ಸಾಕು, ಅಂಕಿಯೇ ತಪ್ಪಾಗಿದ್ದರೂ ಬಹಳ ಸಲ ತೆಪ್ಪಗೆ ಒಪ್ಪಿಕೊಳ್ಳುತ್ತದೆ. 2015ರ ಮಾರ್ಚ್ 10ರಂದು ಸಿಡ್ನಿಯಲ್ಲಿ ಏರ್‌ಏಷ್ಯಾ ಎಕ್ಸ್‌ನ ಎ330 ಒಂದು ಕೌಲಾಲಂಪುರಕ್ಕೆ ಹೊರಟಿತ್ತು. ನಿಂತ ಜಾಗದ ರೇಖಾಂಶ 151 ಡಿಗ್ರಿ 9.8 ಮಿನಿಟ್ ಅಂತ ಹಾಕಬೇಕಿತ್ತು. ಹಾಕಿದ್ದು 15 ಡಿಗ್ರಿ 19.8 ಮಿನಿಟ್. ವಿಮಾನದ ಲೆಕ್ಕದಲ್ಲಿ ಅದು 11,000 ಕಿಲೋಮೀಟರಿಗೂ ದೂರ, ಕೇಪ್ ಟೌನ್ ಆಚೆಯ ಸಮುದ್ರದಲ್ಲಿತ್ತು. ಸ್ಕ್ರೀನ್ ಮೇಲೆ ಎಚ್ಚರಿಕೆಯ ಸಂದೇಶಗಳೂ ಬಂದವು. ಪೈಲಟ್‌ಗಳು ಅಳಿಸಿ ಮುಂದೆ ಹೋದರು. ಟೇಕಾಫ್ ಆಗಿ ಆಟೋಪೈಲಟ್ ಹಾಕಿದ ಕೂಡಲೇ ವಿಮಾನ ಎಡಕ್ಕೆ, ಪಕ್ಕದ ರನ್‌ವೇಯಿಂದ ಹೊರಡುವವರ ದಾರಿಗೆ ತಿರುಗಿತು. ಕೊನೆಗೆ ಮೆಲ್ಬರ್ನ್‌ನಲ್ಲಿ ಸುರಕ್ಷಿತವಾಗಿ ಇಳಿಸಿದರು.

ಅದಕ್ಕೇ ನಾನು ಸ್ಕ್ರೀನ್ ನೋಡುವ ಮುಂಚೆ ಉತ್ತರ ಹೇಳಿಕೊಳ್ಳುತ್ತೇನೆ. ದೆಹಲಿಗೆ ಹೋಗಬೇಕು ಅನ್ನಿ. ಬೆಂಗಳೂರಿಂದ ದೆಹಲಿ ಹೆಚ್ಚುಕಮ್ಮಿ ನೆಟ್ಟಗೆ ಉತ್ತರಕ್ಕಿದೆ. ನೇರ ದೂರ ಸುಮಾರು 920 ನಾಟಿಕಲ್ ಮೈಲಿ. ದಾರಿ ಸ್ವಲ್ಪ ಸುತ್ತುವುದರಿಂದ ಬಾಕ್ಸ್ ತೋರಿಸುವ ಒಟ್ಟು ದೂರ ಅದಕ್ಕಿಂತ ಒಂಚೂರು ಜಾಸ್ತಿ ಇರಬೇಕು. ಆಮೇಲೆ ನಕ್ಷೆಯ ಸ್ಕ್ರೀನನ್ನು ಪ್ಲಾನ್ ಮೋಡ್‌ಗೆ ಹಾಕುತ್ತೇನೆ. ಅದರಲ್ಲಿ ಉತ್ತರ ಯಾವಾಗಲೂ ಮೇಲೆ. ಗೆರೆ ಮೇಲಕ್ಕೆ ಹೋಗುತ್ತಿರಬೇಕು, ಎಲ್ಲೋ ಮುಂಬೈ ಕಡೆ ವಾಲಿದ್ದರೆ ಕಣ್ಣಿಗೇ ಹೊಡೆಯುತ್ತದೆ. ದಾರಿಯಲ್ಲಿ ಬರುವ ಗುರುತಿನ ಬಿಂದುಗಳನ್ನು, ಅಂದರೆ ವೇಪಾಯಿಂಟ್‌ಗಳನ್ನು, ಒಂದೊಂದಾಗಿ ಸರಿಸುತ್ತಾ ದಿಕ್ಕು, ದೂರ ಎರಡನ್ನೂ ಸ್ಕ್ರೀನ್ ನೋಡಿ ನಾನು ಓದುತ್ತೇನೆ. ಫ್ಲೈಟ್ ಪ್ಲಾನ್ ಹಿಡಿದು ಕೋ-ಪೈಲಟ್ ತಾಳೆ ನೋಡುತ್ತಾರೆ.

ಬರೀ ಹೆಸರು ಓದಿ ಮುಗಿಸುವವರೂ ಇದ್ದಾರೆ. ಅವರಿಗೆ ನಾನು ಕಾಲಿ ಅನ್ನುವ ಊರಿನ ಕಥೆ ಹೇಳುತ್ತೇನೆ. 1995ರ ಡಿಸೆಂಬರ್ 20, ಕೊಲಂಬಿಯಾ. ಅಮೆರಿಕನ್ ಏರ್‌ಲೈನ್ಸ್ ಫ್ಲೈಟ್ 965 ರಾತ್ರಿ ಕಾಲಿ ಕಣಿವೆಗೆ ಇಳಿಯುತ್ತಿತ್ತು. ರೋಜೋ ಅನ್ನುವ ರೇಡಿಯೋ ಬೀಕನ್ ಕಡೆಗೆ ಹೋಗಬೇಕು. ಚಾರ್ಟ್‌ನಲ್ಲಿ ಅದರ ಗುರುತು ‘ಆರ್’. ಬಾಕ್ಸ್‌ಗೆ ‘ಆರ್’ ಕೊಟ್ಟರು. ಪಟ್ಟಿಯಲ್ಲಿ ಮೊದಲು ಬಂದಿದ್ದು ರೋಮಿಯೋ, ನೂರಾರು ಕಿಲೋಮೀಟರ್ ಆಚೆ ಬೊಗೋಟಾ ಹತ್ತಿರದ್ದು. ಡೇಟಾಬೇಸ್‌ನಲ್ಲಿ ರೋಜೋ ಸಿಗಬೇಕಾದರೆ ಪೂರ್ತಿ ಹೆಸರು ಹೊಡೆಯಬೇಕಿತ್ತು. ವಿಮಾನ ಎಡಕ್ಕೆ, ಬೆಟ್ಟದ ಕಡೆಗೆ ಹೊರಳಿತು. 163 ಜನರಲ್ಲಿ ಉಳಿದವರು 4. ಹೆಸರು ತಪ್ಪಿದರೂ ದಿಕ್ಕು ಸುಳ್ಳು ಹೇಳುವುದಿಲ್ಲ. ಹಾರುತ್ತಾ ಇರುವಾಗ ಕಂಟ್ರೋಲರ್ ಯಾವುದೇ ಪಾಯಿಂಟ್‌ಗೆ ನೇರ ಹೋಗಿ ಅಂದರೂ, ಬದಲಾವಣೆ ಖಚಿತ ಮಾಡುವ ಇನ್ಸರ್ಟ್ ಒತ್ತುವ ಮುಂಚೆ, ಹೊಸ ದಾರಿ ತೋರಿಸುವ ಹಳದಿ ಚುಕ್ಕೆಗೆರೆ ಯಾವ ಕಡೆ ಹೋಗಿದೆ ಅಂತ ಇಬ್ಬರೂ ನೋಡಲೇಬೇಕು.

ತೂಕಕ್ಕೂ ಇದೇ ಕ್ರಮ. 2009ರ ಮಾರ್ಚ್‌ನಲ್ಲಿ ಮೆಲ್ಬರ್ನ್‌ನಲ್ಲಿ ಎಮಿರೇಟ್ಸ್‌ನ ಎ340ರ ಟೇಕಾಫ್ ಲೆಕ್ಕಕ್ಕೆ 362.9 ಟನ್ ಬದಲು 262.9 ಟನ್ ಹೋಯಿತು. ಒಂದೇ ಅಂಕಿ. ವಿಮಾನದ ಬಾಲ ರನ್‌ವೇಗೆ ಉಜ್ಜಿ, ರನ್‌ವೇ ಮುಗಿದ ಮೇಲೆ ಹೇಗೋ ಎದ್ದಿತು. ನಮ್ಮದು ತುಂಬಿದ ಫ್ಲೈಟ್ ಆದರೆ ಇಂಧನ ಬಿಟ್ಟು 60 ಟನ್ ಆಸುಪಾಸು, ಮೂಗೆತ್ತುವ ವೇಗ 140 ನಾಟ್ ಆಸುಪಾಸು. ಒಳಗೆ ಒಂದು ಸೀಟೂ ಖಾಲಿ ಇಲ್ಲ, ಬಾಕ್ಸ್ ನೋಡಿದರೆ 120 ಅನ್ನುತ್ತಿದೆ ಅಂದರೆ ತೂಕದ ಲೆಕ್ಕದ ಹಾಳೆ, ಲೋಡ್ ಶೀಟ್, ಮತ್ತೆ ತೆಗೆಯಬೇಕು.

ಇದೆಲ್ಲ ನಡೆಯುವಾಗಲೇ ಬಾಗಿಲಲ್ಲಿ ಸಂತೆ. ಇಂಧನದವರ ಸಹಿ, ವೀಲ್‌ಚೇರ್ ವಿಚಾರ, ಬೋರ್ಡಿಂಗ್ ಶುರು ಮಾಡಲಾ ಅನ್ನುವ ಪ್ರಶ್ನೆ. ನಾನು ಕೈ ಎತ್ತಿದರೆ ಒಂದು ನಿಮಿಷ ತಾಳಿ ಅಂತ ಅರ್ಥ. ಅಷ್ಟಾಗಿಯೂ ನಡುವೆ ತಡೆದರೆ ಬಿಟ್ಟ ಸಾಲಿನಿಂದ ಹಿಡಿಯುವುದಿಲ್ಲ, ಆ ಪುಟವನ್ನೇ ಮೊದಲಿಂದ ನೋಡುತ್ತೇನೆ.

ಇನ್ನು ರನ್‌ವೇ ಬದಲಾವಣೆ. ಮುಂಗಾರಿನಲ್ಲಿ ಬೆಂಗಳೂರಲ್ಲಿ ಪಡುವಣ ಗಾಳಿ, ಪಶ್ಚಿಮಕ್ಕೆ ಮುಖ ಮಾಡಿ ರನ್‌ವೇ 27ರಿಂದ ಹೊರಡುತ್ತೇವೆ. ಚಳಿಗಾಲದಲ್ಲಿ ಸಾಮಾನ್ಯವಾಗಿ 09, ಅಂದರೆ ಪೂರ್ವಕ್ಕೆ. ನಡುವಿನ ತಿಂಗಳುಗಳಲ್ಲಿ ಟ್ಯಾಕ್ಸಿ ಮಾಡುತ್ತಿರುವಾಗಲೇ ಬದಲಾದರೆ ವೇಗ, ಹೊರಡುವ ದಾರಿ ಎಲ್ಲ ಹೊಸದು. ನಾನು ನಿಲ್ಲಲು ಜಾಗ ಕೇಳಿ, ನಿಂತು, ಬ್ರೇಕ್ ಹಾಕಿ, ಎಲ್ಲ ಮತ್ತೆ ತುಂಬಿಸುತ್ತೇನೆ. ಹಿಂದೆ ಸಾಲು ಬೆಳೆದರೆ ಬೆಳೆಯಲಿ.

ಬಾಕ್ಸ್ ಮಾತ್ರವಲ್ಲ, ಎದುರಿನ ಗಾಜಿನ ಕೆಳಗಿರುವ ಆಟೋಪೈಲಟ್ ಪ್ಯಾನೆಲ್‌ನ ಗುಂಡಿಗಳಿಗೂ ಇದು ಅನ್ವಯ. 1990ರ ಫೆಬ್ರವರಿ 14ರಂದು ನಮ್ಮ ಎಚ್‌ಎಎಲ್ ನಿಲ್ದಾಣಕ್ಕೆ ಇಳಿಯುತ್ತಿದ್ದ ಇಂಡಿಯನ್ ಏರ್‌ಲೈನ್ಸ್ 605 ರನ್‌ವೇಗೆ ಮುಂಚೆಯೇ ನೆಲಕ್ಕೆ ಬಡಿಯಿತು. 92 ಜನ ತೀರಿಕೊಂಡರು. ಎಂಜಿನ್‌ಗಳು ಐಡಲ್‌ನಲ್ಲಿ, ಅಂದರೆ ತೀರಾ ಕಡಿಮೆ ಶಕ್ತಿಯಲ್ಲಿ, ಇದ್ದವು, ವೇಗ ಕುಸಿಯುತ್ತಿತ್ತು. ಇಳಿಯುವ ವೇಗದ ಗುಂಡಿ ಬದಲು ಪಕ್ಕದ ಎತ್ತರದ ಗುಂಡಿ ತಿರುಗಿಸಿರಬಹುದು ಅನ್ನುವುದು ತನಿಖೆ ಮುಂದಿಟ್ಟ ಸಾಧ್ಯತೆ. ಗುಂಡಿ ತಿರುಗಿಸಿದ ಮೇಲೆ ನಾನು ಗುಂಡಿ ನೋಡುವುದಿಲ್ಲ. ಆಟೋಪೈಲಟ್ ಈಗ ಏನು ಮಾಡುತ್ತಿದೆ ಅಂತ ಎದುರಿನ ಸ್ಕ್ರೀನಿನ ಮೇಲ್ತುದಿಯಲ್ಲಿ ತೋರಿಸುವ ಮೋಡ್ ಸಾಲನ್ನು ಗಟ್ಟಿಯಾಗಿ ಓದುತ್ತೇನೆ, ಆಮೇಲೆ ವೇಗ. ಪ್ರತಿ ಸಲ ಯಾಕೆ ಸಾರ್ ಅಂತ ಕೆಲವರು ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ, ಓದಿದರಾಯಿತು.