ಎತ್ತರ ಕಮ್ಮಿ ಇದ್ದರೂ ಪಾಸ್ ಎಸೆಯುವುದು ಹೇಗೆ?

ಅಮೆರಿಕನ್ ಫುಟ್‌ಬಾಲ್‌ನ ಡ್ರೂ ಬ್ರೀಸ್ ಎತ್ತರ ಆರಡಿ. 2006ರಲ್ಲಿ ಅವರು ಸ್ಯಾನ್ ಡಿಯಾಗೊ ಚಾರ್ಜರ್ಸ್ ತಂಡ ಬಿಟ್ಟಾಗ ಆ ಜಾಗಕ್ಕೆ ಬಂದವರು ಆರಡಿ ಐದಿಂಚಿನ ಫಿಲಿಪ್ ರಿವರ್ಸ್. ಇಬ್ಬರೂ ಬಹಳ ಒಳ್ಳೆಯ ಕ್ವಾರ್ಟರ್‌ಬ್ಯಾಕ್‌ಗಳು, ಅಂದರೆ ತಂಡದಲ್ಲಿ ಪಾಸ್ ಎಸೆಯುವ ಆಟಗಾರರು. ಆದರೆ ಇಬ್ಬರ ಎಸೆತಗಳನ್ನು ಒಂದರ ಹಿಂದೊಂದು ನೋಡಿ. ಎತ್ತರದ ರಿವರ್ಸ್ ಕೈಯನ್ನು ಕೆಳಗಿಳಿಸಿ ಪಕ್ಕದಿಂದ ಚೆಂಡು ತಳ್ಳುತ್ತಿದ್ದರು. ಬ್ರೀಸ್ ತುದಿಗಾಲ ಮೇಲೆ ಎದ್ದು, ಚೆಂಡನ್ನು ಕಿವಿಯ ಮೇಲಿಂದ ಬಿಡುತ್ತಿದ್ದರು. ಇಬ್ಬರ ನಡುವೆ ಇದ್ದ ಐದಿಂಚು ವ್ಯತ್ಯಾಸ ಮೊಣಕೈ ಇಳಿಯುವಷ್ಟರಲ್ಲೇ ಮಾಯವಾಗುತ್ತದೆ.

ಅದಕ್ಕೇ ಎತ್ತರ ಅಳೆಯುವುದಕ್ಕಿಂತ ಚೆಂಡು ಕೈ ಬಿಡುವ ಜಾಗವನ್ನು ನೋಡಬೇಕು ಅಂತ ನಾನು ಹೇಳುವುದು. ಆ ಜಾಗಕ್ಕೆ ಕೈ ತಲುಪುವುದು ಹೇಗೆ ಅಂತ ಹಂತ ಹಂತವಾಗಿ ನೋಡೋಣ. ಬಲಗೈಯವರಿಗೆ ಬರೆದಿದ್ದೇನೆ. ಎಡಗೈಯವರು ತಿರುಗಿಸಿಕೊಳ್ಳಿ.

ಹಿಡಿತ

ಚೆಂಡಿನ ಉದ್ದ ಸುಮಾರು 11 ಇಂಚು, ತೂಕ 400 ಗ್ರಾಂ ಆಸುಪಾಸು. ಉಂಗುರದ ಬೆರಳು, ಕಿರುಬೆರಳನ್ನು ಲೇಸ್ (ಚೆಂಡಿನ ಮೇಲಿನ ದಾರದ ಹೊಲಿಗೆ) ಮೇಲೆ ಇಡಿ. ತೋರುಬೆರಳು ಚೆಂಡಿನ ಹಿಂತುದಿಯ ಕಡೆಗೆ ಇರಲಿ, ಹೆಬ್ಬೆರಳು ಕೆಳಗೆ. ಅಂಗೈಗೂ ಚೆಂಡಿಗೂ ನಡುವೆ ಸ್ವಲ್ಪ ಸಂದು ಬೇಕು. ಹಿಸುಕಿ ಹಿಡಿದರೆ ಚೆಂಡು ಓಲಾಡುತ್ತಾ ಹೋಗುತ್ತದೆ. ಇಲ್ಲಿ ಎತ್ತರಕ್ಕಿಂತ ಅಂಗೈ ಅಗಲ ಜಾಸ್ತಿ ಲೆಕ್ಕಕ್ಕೆ ಬರುತ್ತದೆ.

ಕಾಲು

ಎತ್ತರ ಕಮ್ಮಿ ಇರುವವರ ನಿಜವಾದ ಕೆಲಸ ಶುರುವಾಗುವುದೇ ಇಲ್ಲಿ. ಕ್ವಾರ್ಟರ್‌ಬ್ಯಾಕ್ ಮುಂದೆ ಎದುರಾಳಿಗಳನ್ನು ತಡೆಯಲು ಅವನದೇ ತಂಡದ ಐವರು ಲೈನ್‌ಮನ್‌ಗಳು ಸಾಲಾಗಿ ನಿಂತಿರುತ್ತಾರೆ. ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಅವರ ಎತ್ತರ ಸಾಮಾನ್ಯವಾಗಿ ಆರಡಿ ಮೂರಿಂಚಿನಿಂದ ಆರಡಿ ಆರಿಂಚು. ಆಚೆ ಎದುರಾಳಿಗಳು ಕೈ ಎತ್ತಿಕೊಂಡು ನುಗ್ಗುತ್ತಾರೆ. ಆರಡಿ ಐದಿಂಚಿನವನಿಗೂ ಇವರ ತಲೆ ಮೇಲಿಂದ ಇಡೀ ಮೈದಾನ ಕಾಣುವುದಿಲ್ಲ. ಎಲ್ಲರೂ ನೋಡುವುದು ಇಬ್ಬರು ಲೈನ್‌ಮನ್‌ಗಳ ನಡುವಿನ ಸಂದಿನಲ್ಲೇ. ಎತ್ತರದವನಿಗೆ ಆ ಸಂದು ನಿಂತಲ್ಲೇ ಸಿಗಬಹುದು. ಕುಳ್ಳಗಿರುವವನು ಅರ್ಧ ಹೆಜ್ಜೆ ಎಡಕ್ಕೋ ಬಲಕ್ಕೋ ಸರಿದು ಅದನ್ನು ಹುಡುಕಿಕೊಳ್ಳಬೇಕು. ಆ ಸರಿಯುವಿಕೆ ಸಣ್ಣದಾಗಿರಲಿ. ಪಾದಗಳ ನಡುವೆ ಭುಜದಷ್ಟು ಅಂತರ, ಭಾರ ಬಲಗಾಲ ಮೇಲೆ, ಚೆಂಡು ಎರಡೂ ಕೈಯಲ್ಲಿ ಎದೆಯ ಹತ್ತಿರ. ಈ ಮೂರೂ ಕೆಡದಂತೆ ಸರಿಯಬೇಕು. ಓಡಿಹೋದರೆ ಎಸೆಯುವ ಹದವೇ ತಪ್ಪುತ್ತದೆ.

ದೂರ

ಒಂದು ಸಣ್ಣ ಲೆಕ್ಕ ಹಾಕೋಣ. ಚೆಂಡು ಏಳಡಿ ಎತ್ತರದಲ್ಲಿ ಕೈ ಬಿಡುತ್ತದೆ, ಎದುರಾಳಿಯ ಕೈ ಎಂಟಡಿ ಎತ್ತರದಲ್ಲಿದೆ ಅಂದುಕೊಳ್ಳಿ. ಅವನು ಆರಡಿ ದೂರದಲ್ಲಿದ್ದರೆ ಚೆಂಡನ್ನು 9 ಡಿಗ್ರಿಗಿಂತ ಮೇಲಕ್ಕೆ ಎಸೆಯಬೇಕು. ಹತ್ತಿರದ ಪಾಸ್‌ಗೆ ಇದು ಜಾಸ್ತಿಯಾಯಿತು. ಚೆಂಡು ಹಿಡಿಯುವವನ ತಲೆ ಮೇಲೆ ಹೋಗಿಬಿಡಬಹುದು. ಅದೇ ಎದುರಾಳಿ 15 ಅಡಿ ದೂರದಲ್ಲಿದ್ದರೆ? 4 ಡಿಗ್ರಿ ಸಾಕು. ಕ್ವಾರ್ಟರ್‌ಬ್ಯಾಕ್ ಒಂದಿಂಚೂ ಬೆಳೆಯಲಿಲ್ಲ, ಆದರೆ ತಡೆ ಅರ್ಧಕ್ಕಿಂತ ಕಮ್ಮಿಯಾಯಿತು.

ಬ್ರೀಸ್ ಸೇರಿದ ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡಕ್ಕೆ ಈ ದೂರ ಕೊಟ್ಟವರು ಜಾರಿ ಎವಾನ್ಸ್ ಮತ್ತು ಕಾರ್ಲ್ ನಿಕ್ಸ್. ಇಬ್ಬರೂ ಗಾರ್ಡ್‌ಗಳು, ಅಂದರೆ ಲೈನ್‌ನ ನಡುವೆ ಸೆಂಟರ್‌ನ (ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರು ಮಾಡುವವನ) ಅಕ್ಕಪಕ್ಕ ನಿಲ್ಲುವವರು. ನಡುವಿನಿಂದ ಯಾರೂ ಹಿಂದಕ್ಕೆ ತಳ್ಳಿಕೊಂಡು ಬರದಿದ್ದರೆ ಬ್ರೀಸ್‌ಗೆ ಮುಂದಕ್ಕೆ ಹೆಜ್ಜೆ ಇಡಲು ಜಾಗ, ನೋಡಲು ಸಂದು, ಎರಡೂ ಸಿಗುತ್ತಿತ್ತು. ಆ ತಂಡ 2010ರ ಫೆಬ್ರವರಿಯಲ್ಲಿ ಸೂಪರ್ ಬೌಲ್, ಅಂದರೆ ಎನ್‌ಎಫ್‌ಎಲ್ ಫೈನಲ್, ಗೆದ್ದಿತು. ನಿವೃತ್ತಿಯ ಹೊತ್ತಿಗೆ ಬ್ರೀಸ್ ಪಾಸ್‌ಗಳಿಂದ ತಂಡ ಮುಂದೆ ಸಾಗಿದ್ದು 80,358 ಯಾರ್ಡ್ (ಒಂದು ಯಾರ್ಡ್ ಅಂದರೆ ಮೂರಡಿ), ಬಂದದ್ದು 571 ಟಚ್‌ಡೌನ್, ಅಂದರೆ ಚೆಂಡು ಎದುರಾಳಿಯ ಕೊನೆಯ ಗೆರೆ ದಾಟಿ ಬಂದ ಅಂಕ. ಅವರ ಪ್ರತಿಭೆಯನ್ನು ಹೊಗಳುವವರು ಈ ಗಾರ್ಡ್‌ಗಳನ್ನೂ ನೆನೆಯಬೇಕು.

ದೂರ ಮಾಡಿಕೊಳ್ಳಲು ಬೇರೆ ದಾರಿಯೂ ಇದೆ. ಶಾಟ್‌ಗನ್ ಅನ್ನುವ ವ್ಯೂಹದಲ್ಲಿ ಕ್ವಾರ್ಟರ್‌ಬ್ಯಾಕ್ ಸೆಂಟರ್‌ಗಿಂತ ಸುಮಾರು ಐದು ಯಾರ್ಡ್ ಹಿಂದೆ ನಿಂತೇ ಚೆಂಡು ಪಡೆಯುತ್ತಾನೆ. 2012ರಿಂದ 2021ರವರೆಗೆ ಸಿಯಾಟಲ್ ಸೀಹಾಕ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ಆಗಿದ್ದ ರಸೆಲ್ ವಿಲ್ಸನ್ ಆರಡಿಯೂ ಇರಲಿಲ್ಲ. ಓಟಗಾರನಿಗೆ ಚೆಂಡು ಕೊಟ್ಟಂತೆ ನಟಿಸಿ, ಲೈನ್‌ನ ಪಕ್ಕಕ್ಕೆ ಓಡಿ, ಯಾರೂ ಅಡ್ಡ ಇಲ್ಲದ ಕಡೆಯಿಂದ ಎಸೆಯುವುದು ಅವರ ಆಟದ ದೊಡ್ಡ ಭಾಗವಾಗಿತ್ತು. ಒಂದು ಕಷ್ಟವಿದೆ. ಬಲಗಡೆಗೆ ಓಡಿದರೆ ಎಡಗಡೆಯ ಅರ್ಧ ಮೈದಾನ ಬಹುತೇಕ ಕೈಬಿಟ್ಟಂತೆಯೇ.

ಎಸೆತ

ಎಡಗಾಲನ್ನು ಗುರಿಯ ಕಡೆಗೆ, ಚೂರು ಎಡಕ್ಕೆ ಇಡಿ. ಹೆಜ್ಜೆ ಚಿಕ್ಕದಿರಲಿ. ಕಾಲು ಚಾಚಿದಷ್ಟೂ ಮೈ ತಗ್ಗುತ್ತದೆ, ಇರುವ ಎತ್ತರವೂ ಹೋಗುತ್ತದೆ. ಮೊದಲು ಸೊಂಟ ತಿರುಗಲಿ, ಆಮೇಲೆ ಭುಜ, ಕೊನೆಗೆ ಕೈ. ಬೌಂಡರಿಯಿಂದ ಕೀಪರ್‌ಗೆ ಚೆಂಡು ಎಸೆದವರಿಗೆ ಈ ಕ್ರಮ ಗೊತ್ತಿರುತ್ತದೆ, ಅಲ್ವಾ? ಮೊಣಕೈ ಭುಜಕ್ಕಿಂತ ಕೆಳಗಿಳಿಯಬಾರದು. ಚೆಂಡಿನಿಂದ ಕೊನೆಗೆ ಬಿಡುವ ಬೆರಳು ತೋರುಬೆರಳು. ಬಿಟ್ಟ ಮೇಲೆ ಅಂಗೈ ಹೊರಕ್ಕೆ, ಹೆಬ್ಬೆರಳು ನೆಲದ ಕಡೆಗೆ ತಿರುಗಿ, ಕೈ ಎಡ ಸೊಂಟದ ಹತ್ತಿರ ಬಂದು ನಿಲ್ಲಬೇಕು. ಹೀಗಾದರೆ ಚೆಂಡು ತನ್ನ ಸುತ್ತ ತಾನೇ ಗಿರಗಿರನೆ ತಿರುಗುತ್ತಾ ನೇರ ಹೋಗುತ್ತದೆ.

ಎಸೆತ ಎಷ್ಟು ಬೇಗ ಮುಗಿಯುತ್ತದೆ ಅನ್ನುವುದೂ ಮುಖ್ಯ. ಎದುರಾಳಿ ನಿಮ್ಮ ಕೈ ಹಿಂದಕ್ಕೆ ಹೋದದ್ದನ್ನು ಕಂಡೇ ತನ್ನ ಕೈ ಎತ್ತುತ್ತಾನೆ. ಚೆಂಡನ್ನು ಮೊದಲೇ ಎದೆಯ ಮಟ್ಟದಲ್ಲಿ ಹಿಡಿದಿದ್ದರೆ ಅವನಿಗೆ ಅಷ್ಟು ಹೊತ್ತು ಸಿಗುವುದಿಲ್ಲ.

ಮನೆಯಲ್ಲಿ ಅಭ್ಯಾಸ

ಎರಡು ಕಂಬಗಳ ನಡುವೆ ಎಂಟಡಿ ಎತ್ತರದಲ್ಲಿ ಹಗ್ಗ ಕಟ್ಟಿ. ಹಗ್ಗದ ಆಚೆ ಹತ್ತು ಹದಿನೈದು ಹೆಜ್ಜೆ ದೂರದಲ್ಲಿ ಸ್ನೇಹಿತರನ್ನು ನಿಲ್ಲಿಸಿ, ಅವರ ಎದೆಗೆ ಗುರಿಯಿಡಿ. ಮೊದಲು ಹಗ್ಗದಿಂದ 15 ಅಡಿ ಹಿಂದೆ ನಿಂತು ಎಸೆಯಿರಿ, ಚೆಂಡು ಹಗ್ಗದ ಮೇಲಿಂದಲೇ ಹೋಗಬೇಕು. ಅದು ಸಲೀಸಾದ ಮೇಲೆ ಆರಡಿಗೆ ಬನ್ನಿ. ಚೆಂಡು ಹಗ್ಗಕ್ಕೆ ಬಡಿಯುತ್ತಿದ್ದರೆ ಸುಮ್ನೆ ಜೋರಾಗಿ ಎಸೆಯಬೇಡಿ. ಮೊಣಕೈ ಇಳಿಯಿತಾ, ಹೆಜ್ಜೆ ಉದ್ದವಾಯಿತಾ ಅಂತ ನೋಡಿ. ಮಕ್ಕಳಿಗೆ ಚಿಕ್ಕ ಅಳತೆಯ ಚೆಂಡು ಕೊಡಿ. ಭುಜ ಅಥವಾ ಮೊಣಕೈ ನೋಯಲು ಶುರುವಾದರೆ ಆ ದಿನಕ್ಕೆ ಅಲ್ಲಿಗೇ ನಿಲ್ಲಿಸಿ.